ಮ್ಯಾಕ್ರೋ ಶಾರ್ಟ್‌ಕಟ್ಟನ್ನು ಕೋಡಿನಲ್ಲೇ ಬರೆದಿಡಿ

ಮಾನ್ಯ ಸಂಪಾದಕರೇ,

ಮಂಡ್ಯ, ಮದ್ದೂರು, ಪಾಂಡವಪುರ ಸುತ್ತಿನ ಎಷ್ಟೋ ಹಾಲಿನ ಡೇರಿ, ಪತ್ತಿನ ಸಹಕಾರ ಸಂಘ, ಬೆಲ್ಲದ ಮಂಡಿಗಳ ಲೆಕ್ಕ ಇಂದು ಎಕ್ಸೆಲ್ ಫೈಲುಗಳಲ್ಲಿದೆ. ಯಾರೋ ಒಬ್ಬರು ಮ್ಯಾಕ್ರೋ (ಪದೇ ಪದೇ ಮಾಡುವ ಕೆಲಸವನ್ನು ತಾನಾಗಿ ಮಾಡುವ ಚಿಕ್ಕ ಪ್ರೋಗ್ರಾಂ) ಬರೆದುಕೊಟ್ಟು ಹೋಗಿರುತ್ತಾರೆ, ಅವರ ನಂತರ ಬಂದವರು ಅದನ್ನೇ ವರ್ಷಗಟ್ಟಲೆ ಬಳಸುತ್ತಾರೆ. ಈ ಮ್ಯಾಕ್ರೋಗಳಿಗೆ ಶಾರ್ಟ್‌ಕಟ್ ಕೀ, ವಿವರಣೆ, ವರ್ಗ ಇವನ್ನೆಲ್ಲ ಕೈಯಲ್ಲಿ ಹೊಂದಿಸಿ ಬಿಟ್ಟುಬಿಡುವ ರೂಢಿ ನಿಲ್ಲಬೇಕು, ಅವೂ ಕೋಡಿನೊಳಗೇ ಇರಬೇಕು ಎಂಬುದು ನಮ್ಮ ಒತ್ತಾಯ.

ಕೈಯಲ್ಲಿ ಹೊಂದಿಸುವುದು ಸುಲಭವೇನೋ ಹೌದು. ಆಲ್ಟ್-ಎಫ್8 ಒತ್ತಿ, ಮ್ಯಾಕ್ರೋ ಆರಿಸಿ, ಆಪ್ಷನ್ಸ್ ಗುಂಡಿ ಒತ್ತಿ, ಒಂದು ಅಕ್ಷರ ಹಾಕಿದರೆ ಆಯಿತು. ಆದರೆ ಆ ಅಕ್ಷರ ಆಲ್ಟ್-ಎಫ್11 ಒತ್ತಿ ಕೋಡ್ ತೆರೆದವರ ಕಣ್ಣಿಗೆ ಬೀಳುವುದಿಲ್ಲ. ಎಕ್ಸೆಲ್ ಅದನ್ನು ಮಾಡ್ಯೂಲಿನೊಳಗೆ (ಕೋಡ್ ಬರೆಯುವ ಪುಟದೊಳಗೆ) ಮರೆಯಾದ ಒಂದು ಸಾಲಾಗಿ ಇಟ್ಟುಕೊಳ್ಳುತ್ತದೆ. ಮಾಡ್ಯೂಲನ್ನು ಎಕ್ಸ್‌ಪೋರ್ಟ್ ಮಾಡಿ ನೋಟ್‌ಪ್ಯಾಡಿನಲ್ಲಿ ತೆರೆದರಷ್ಟೇ ಕಾಣುತ್ತದೆ. ಏಪ್ರಿಲ್ ಒಂದಕ್ಕೆ ಹೊಸ ಆರ್ಥಿಕ ವರ್ಷದ ಫೈಲು ಮಾಡುವಾಗ ಹಳೆಯದರಿಂದ ಕೋಡನ್ನು ಕಾಪಿ-ಪೇಸ್ಟ್ ಮಾಡುತ್ತಾರಲ್ಲ, ಆಗ ಆ ಸಾಲು ಜೊತೆಗೆ ಬರುವುದಿಲ್ಲ. ಮಾರ್ಚ್ ಕೊನೆಯವರೆಗೂ ಸರಿಯಿದ್ದ ಕೀ ಏಪ್ರಿಲ್‌ನಲ್ಲಿ ಏಕೆ ಸತ್ತುಹೋಯಿತು ಎಂಬುದಕ್ಕೆ ಬಹುಪಾಲು ಉತ್ತರ ಇದೇ.

ಇದಕ್ಕೆಂದೇ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎಯಲ್ಲಿ ‘ಅಪ್ಲಿಕೇಶನ್.ಮ್ಯಾಕ್ರೋಆಪ್ಷನ್ಸ್’ ಎಂಬ ಆಜ್ಞೆ ಇದೆ. ಇಲ್ಲಿ ಕನ್ನಡದಲ್ಲಿ ಕೊಟ್ಟಿರುವ ಹೆಸರುಗಳನ್ನು ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ‘ಮ್ಯಾಕ್ರೋ’ಗೆ ಹೆಸರು, ‘ಡಿಸ್ಕ್ರಿಪ್ಷನ್’ಗೆ ವಿವರಣೆ, ‘ಹ್ಯಾಸ್‌ಶಾರ್ಟ್‌ಕಟ್‌ಕೀ’ಗೆ ಟ್ರೂ, ‘ಶಾರ್ಟ್‌ಕಟ್‌ಕೀ’ಗೆ ಅಕ್ಷರ. ಟ್ರೂ ಎಂದು ಬರೆಯದೆ ಅಕ್ಷರ ಮಾತ್ರ ಕೊಟ್ಟರೆ ಎಕ್ಸೆಲ್ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಹ್ಯಾಸ್‌ಮೆನು’, ‘ಮೆನುಟೆಕ್ಸ್ಟ್’ ಎಂಬ ಎರಡು ಹೆಸರುಗಳೂ ಪಟ್ಟಿಯಲ್ಲಿವೆ, ಅವುಗಳಿಂದ ಈಗ ಏನೂ ಆಗುವುದಿಲ್ಲ, ಬಿಟ್ಟುಬಿಡಿ.

ಅಕ್ಷರ ಚಿಕ್ಕದೋ ದೊಡ್ಡದೋ ಎಂಬುದನ್ನು ಎರಡು ಸಲ ನೋಡಿ. ಹಾಲಿನ ಬಟವಾಡೆ ಮ್ಯಾಕ್ರೋಗೆ ದೊಡ್ಡಕ್ಷರದ ಎಚ್ ಕೊಟ್ಟರೆ ಅದು ಕಂಟ್ರೋಲ್-ಶಿಫ್ಟ್-ಎಚ್ ಆಗುತ್ತದೆ. ಚಿಕ್ಕಕ್ಷರದ ಎಚ್ ಕೊಟ್ಟರೆ ಕಂಟ್ರೋಲ್-ಎಚ್ ಆಗಿ, ಎಕ್ಸೆಲ್‌ನ ಸ್ವಂತ ರಿಪ್ಲೇಸ್ ಕೀಯನ್ನು ಆ ಫೈಲು ತೆರೆದಿರುವವರೆಗೂ ನುಂಗಿಹಾಕುತ್ತದೆ. ಕಂಟ್ರೋಲ್-ಎಸ್, ಕಂಟ್ರೋಲ್-ಸಿ, ಕಂಟ್ರೋಲ್-ಝಡ್‌ಗಳಿಗೂ ಇದೇ ಗತಿ. ಸೇವ್ ಮಾಡಲು ಒತ್ತಿದ ಕೀಗೆ ಸಾಲು ಅಳಿಸುವ ಮ್ಯಾಕ್ರೋ ಓಡಿದರೆ ಅನ್‌ಡೂ ಕೂಡ ಕೈಹಿಡಿಯುವುದಿಲ್ಲ, ಏಕೆಂದರೆ ಶೀಟನ್ನು ಬದಲಿಸುವ ಮ್ಯಾಕ್ರೋ ಅನ್‌ಡೂ ಪಟ್ಟಿಯನ್ನೇ ಖಾಲಿ ಮಾಡುತ್ತದೆ. ಹಾಗಾಗಿ ಯಾವಾಗಲೂ ದೊಡ್ಡಕ್ಷರವನ್ನೇ ಕೊಡಿ.

‘ಅಪ್ಲಿಕೇಶನ್.ಆನ್‌ಕೀ’ಯಿಂದಲೂ ಕೀ ಕೊಡಬಹುದು, ಅದರ ಸ್ವಭಾವ ಬೇರೆ. ಅದು ಫೈಲಿಗೆ ಅಂಟಿಕೊಳ್ಳುವುದಿಲ್ಲ, ಎಕ್ಸೆಲ್‌ಗೇ ಅಂಟಿಕೊಳ್ಳುತ್ತದೆ. ಫೈಲು ಮುಚ್ಚಿದ ಮೇಲೂ ಕೀ ಉಳಿದಿರುತ್ತದೆ. ಅದಕ್ಕೇ ವರ್ಕ್‌ಬುಕ್‌ನ ಆಕ್ಟಿವೇಟ್ ಘಟನೆಯಲ್ಲಿ (ಫೈಲು ಮುಂದೆ ಬಂದಾಗ ಓಡುವ ಕೋಡಿನಲ್ಲಿ) ಕೀ ಕೊಟ್ಟು ಡಿಆಕ್ಟಿವೇಟ್ ಘಟನೆಯಲ್ಲಿ (ಹಿಂದೆ ಸರಿದಾಗ ಓಡುವ ಕೋಡಿನಲ್ಲಿ) ಹಿಂಪಡೆಯಬೇಕು. ಹಿಂಪಡೆಯುವಾಗ ಕೀ ಹೆಸರಷ್ಟೇ ಬರೆಯಿರಿ. ಎರಡನೆಯ ಜಾಗದಲ್ಲಿ ಖಾಲಿ ಉದ್ಧರಣ ಚಿಹ್ನೆ ಹಾಕಿದರೆ ಕೀ ಮೊದಲಿನಂತಾಗುವುದಿಲ್ಲ, ಪೂರ್ತಿ ನಿಷ್ಕ್ರಿಯವಾಗುತ್ತದೆ. ಬಹಳ ಜನ ಎಡವುವುದು ಇಲ್ಲೇ.

ಮ್ಯಾಕ್ರೋಆಪ್ಷನ್ಸ್‌ನ ನಿಜವಾದ ಬೆಲೆ ಗೊತ್ತಾಗುವುದು ಸೆಲ್‌ನಲ್ಲಿ ಸೂತ್ರವಾಗಿ ಬಳಸಲು ನಾವೇ ಬರೆದ ಫಂಕ್ಷನ್‌ಗಳಲ್ಲಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬಲ್ಲದ ಘನಾಂಶ) ಮೂರನ್ನೂ ತೆಗೆದುಕೊಂಡು ಹಣ ಹೇಳುವ ಫಂಕ್ಷನ್ ಇದೆ ಎನ್ನಿ. ಫ್ಯಾಟ್ 4.0, ಎಸ್‌ಎನ್‌ಎಫ್ 8.5 ಎಂದು ಹಾಕಬೇಕಾದ ಕಡೆ ತಿರುವುಮುರುವಾಗಿ ಹಾಕಿದರೆ ಎಕ್ಸೆಲ್ ತಪ್ಪು ತೋರಿಸುವುದಿಲ್ಲ. ಎರಡೂ ಸಂಖ್ಯೆಗಳೇ ತಾನೆ! ತಪ್ಪು ಮೊತ್ತ ನೇರವಾಗಿ ರೈತರ ಖಾತೆಗೆ ಹೋಗುತ್ತದೆ. ‘ಆರ್ಗ್ಯುಮೆಂಟ್‌ಡಿಸ್ಕ್ರಿಪ್ಷನ್ಸ್’ಗೆ ಅರೇ (ಪಟ್ಟಿ) ರೂಪದಲ್ಲಿ ಮೂರು ವಿವರಣೆ ಕೊಟ್ಟರೆ ಯಾವ ಜಾಗಕ್ಕೆ ಏನು ಎಂಬುದು ಫಂಕ್ಷನ್ ಪೆಟ್ಟಿಗೆಯಲ್ಲೇ ಕಾಣುತ್ತದೆ. ಸೆಲ್‌ನಲ್ಲಿ ನೇರವಾಗಿ ಟೈಪ್ ಮಾಡುವಾಗ ಇದು ತಾನಾಗಿ ಬರುವುದಿಲ್ಲ. ಫಂಕ್ಷನ್ ಹೆಸರು, ತೆರೆದ ಆವರಣ ಬರೆದು ಕಂಟ್ರೋಲ್-ಎ ಒತ್ತಿದರೆ ಪೆಟ್ಟಿಗೆ ತೆರೆಯುತ್ತದೆ. ಗುಮಾಸ್ತರಿಗೆ ಇದೊಂದನ್ನು ಕಲಿಸಿದರೂ ಸಾಕು. ‘ಆರ್ಗ್ಯುಮೆಂಟ್‌ಡಿಸ್ಕ್ರಿಪ್ಷನ್ಸ್’ ಬಂದದ್ದು ಎಕ್ಸೆಲ್ 2010ರಿಂದ. 2007 ಇರುವ ಕಂಪ್ಯೂಟರ್‌ಗಳಲ್ಲಿ ಆ ಭಾಗ ತೆಗೆಯದಿದ್ದರೆ ಕೋಡ್ ನಿಲ್ಲುತ್ತದೆ.

‘ಕ್ಯಾಟಗರಿ’ಗೆ 14 ಎಂದರೆ ಬಳಕೆದಾರರ ಫಂಕ್ಷನ್, 1 ಎಂದರೆ ಹಣಕಾಸು, 3 ಎಂದರೆ ಗಣಿತ. ಅಂಕಿಯ ಬದಲು ಹೆಸರು ಕೊಟ್ಟರೆ ಹೊಸ ವರ್ಗವೇ ಹುಟ್ಟುತ್ತದೆ. ಡೇರಿಯ ಫಂಕ್ಷನ್‌ಗಳೆಲ್ಲ ಒಂದೇ ಕಡೆ ಸಿಗುವಂತೆ ಮಾಡಲು ಇದೇ ಒಳ್ಳೆಯ ದಾರಿ.

ವಿವರಣೆಯನ್ನು ಕನ್ನಡದಲ್ಲೇ ಬರೆಯಬೇಕೆಂದು ಯಾರಿಗೂ ಅನಿಸುತ್ತದೆ. ಆದರೆ ವಿಬಿಎ ಎಡಿಟರ್ ಯೂನಿಕೋಡ್ ಕನ್ನಡವನ್ನು ಹಿಡಿಯುವುದಿಲ್ಲ, ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಸದ್ಯಕ್ಕೆ ಇಂಗ್ಲಿಷ್ ಲಿಪಿಯಲ್ಲಿ ಚಿಕ್ಕದಾಗಿ ಬರೆದು, ಪೂರ್ಣ ಕನ್ನಡ ಸೂಚನೆಯನ್ನು ಫೈಲಿನ ಮೊದಲ ಶೀಟಿನ ಸೆಲ್‌ಗಳಲ್ಲಿ ಇಡುವುದು ವಾಸಿ. ಸೆಲ್‌ಗಳಲ್ಲಿ ಕನ್ನಡಕ್ಕೆ ಯಾವ ತೊಂದರೆಯೂ ಇಲ್ಲ.

ಮ್ಯಾಕ್ರೋಆಪ್ಷನ್ಸ್‌ನ ಈ ಸಾಲುಗಳನ್ನೆಲ್ಲ ವರ್ಕ್‌ಬುಕ್‌ನ ಓಪನ್ ಘಟನೆಯಲ್ಲಿ ಇಟ್ಟರೆ ಫೈಲು ತೆರೆದಾಗಲೆಲ್ಲ ತಾವೇ ಜಾರಿಯಾಗುತ್ತವೆ. ಎಲ್ಲ ಫೈಲುಗಳಿಗೂ ಬೇಕಾದ ಮ್ಯಾಕ್ರೋಗಳನ್ನು ಇಡುವ, ಅಡಗಿಸಿಟ್ಟ ಪರ್ಸನಲ್ ಮ್ಯಾಕ್ರೋ ವರ್ಕ್‌ಬುಕ್‌ನಲ್ಲಿ ಮಾತ್ರ 1004 ಸಂಖ್ಯೆಯ ದೋಷ ಬರುತ್ತದೆ, ಅಡಗಿಸಿದ ವರ್ಕ್‌ಬುಕ್‌ನ ಮ್ಯಾಕ್ರೋ ತಿದ್ದಲಾಗದು ಎಂದು. ವ್ಯೂ ಮೆನುವಿನಲ್ಲಿ ಅನ್‌ಹೈಡ್ ಮಾಡಿ, ಕೋಡ್ ಒಮ್ಮೆ ಓಡಿಸಿ, ಮತ್ತೆ ಹೈಡ್ ಮಾಡಿ ಸೇವ್ ಮಾಡಿ. ಫೈಲು ಆಡ್-ಇನ್ (ಎಕ್ಸೆಲ್‌ಗೆ ಜೋಡಿಸುವ ಹೆಚ್ಚುವರಿ ಫೈಲು) ಆಗಿದ್ದರೆ ‘ಈಸ್‌ಆಡ್‌ಇನ್’ ಅನ್ನು ತಾತ್ಕಾಲಿಕವಾಗಿ ಫಾಲ್ಸ್ ಮಾಡಿ, ಮುಗಿದ ಮೇಲೆ ಟ್ರೂ ಮಾಡಬೇಕು.

ಕೀಯೂ ಸರಿ, ಕೋಡೂ ಸರಿ, ಆದರೂ ಏನೂ ನಡೆಯುತ್ತಿಲ್ಲವೆಂದರೆ ಫೈಲು ಬಂದ ದಾರಿ ನೋಡಿ. ಇಂಟರ್ನೆಟ್‌ನಿಂದ ಇಳಿಸಿದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಡೆಯುತ್ತಿದೆ. ಇಮೇಲ್‌ನಲ್ಲಿ ಬಂದದ್ದಕ್ಕೂ ಇದು ಅನ್ವಯಿಸುತ್ತದೆ. ಕಳಿಸಿದವರು ಯಾರೆಂದು ಖಚಿತವಿದ್ದರೆ ಮಾತ್ರ ಫೈಲಿನ ಪ್ರಾಪರ್ಟೀಸ್‌ನಲ್ಲಿ ಅನ್‌ಬ್ಲಾಕ್‌ಗೆ ಟಿಕ್ ಹಾಕಿ.

ಸಹಕಾರ ಸಂಘಗಳ ಕಾರ್ಯದರ್ಶಿಗಳಿಗೂ ಗುಮಾಸ್ತರಿಗೂ ನಡೆಯುವ ಕಂಪ್ಯೂಟರ್ ತರಬೇತಿಯಲ್ಲಿ ಇದಕ್ಕೆ ಒಂದು ಗಂಟೆಯಾದರೂ ಮೀಸಲಿಡಬೇಕು. ಮ್ಯಾಕ್ರೋ ಬರೆಸಿಕೊಳ್ಳುವ ಸಂಘಗಳೂ ಶಾರ್ಟ್‌ಕಟ್, ವಿವರಣೆ ಕೋಡಿನಲ್ಲಿ ಇವೆಯೇ ಎಂದು ನೋಡಿದ ಮೇಲೆಯೇ ಹಣ ಕೊಡಲಿ.

– ಲೆಕ್ಕಪತ್ರ ಕಂಪ್ಯೂಟರ್ ತರಬೇತುದಾರರು, ಮಂಡ್ಯ