ಸಚಿವರೇ, ಆಂತರಿಕ ಅಂಕಗಳಿಂದಲೇ ನೀತಿ ಪಾಠ ಶುರುವಾಗಲಿ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ ಸರ್.

ನಾನು ರಾಯಚೂರು ಜಿಲ್ಲೆಯವನು. ನನ್ನ ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಮಕ್ಕಳಲ್ಲಿ ಮೌಲ್ಯಗಳು ಕಡಿಮೆಯಾಗುತ್ತಿವೆ, ನೀತಿ ಪಾಠಕ್ಕೆ ಬೇರೆ ಪೀರಿಯಡ್ ಬೇಕು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ. ಪೀರಿಯಡ್ ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೂ ಮೊದಲು ಆಗಬೇಕಾದ ಒಂದು ಕೆಲಸ ಇದೆ. ಅದು ನಿಮ್ಮ ಇಲಾಖೆಯ ಕೈಯಲ್ಲೇ ಇದೆ. ಎಸ್ಸೆಸ್ಸೆಲ್ಸಿಯ ಆಂತರಿಕ ಅಂಕಗಳು, ಅಂದರೆ ಶಾಲೆಯೇ ಕೊಡುವ ಅಂಕಗಳು, ನಿಜವಾದ ಅಂಕಗಳಾಗಬೇಕು.

ವಾರಕ್ಕೆ ಒಂದೆರಡು ಪೀರಿಯಡ್ ನೀತಿ ಶಿಕ್ಷಣಕ್ಕೆ ಇಡಿ ಎಂದು ದೇಶದ ಶಿಕ್ಷಣದ ಬಗ್ಗೆ ವರದಿ ಕೊಟ್ಟ 1964-66ರ ಕೊಠಾರಿ ಆಯೋಗವೇ ಹೇಳಿತ್ತು. ಯಾವ ವಿಷಯ ಕಲಿಸುವ ಶಿಕ್ಷಕರೂ ಈ ಹೊಣೆ ಹೊರಬೇಕು, ಶಾಲೆಯ ಒಟ್ಟು ವಾತಾವರಣದಿಂದಲೇ ಮಕ್ಕಳು ಕಲಿಯುತ್ತಾರೆ ಎಂದೂ ಹೇಳಿತ್ತು. ಪೀರಿಯಡ್ ಮಾತು ಇವತ್ತಿಗೂ ಎಲ್ಲರಿಗೂ ನೆನಪಿದೆ. ವಾತಾವರಣದ ಮಾತು ಮರೆತುಹೋಗಿದೆ.

ಹಾಗಾದರೆ ಹತ್ತನೇ ತರಗತಿಯ ವಾತಾವರಣ ಹೇಗಿದೆ? ವರ್ಷಕ್ಕೆ ನಾಲ್ಕು ಎಫ್‌ಎ, ಅಂದರೆ ಶಾಲೆಯಲ್ಲೇ ನಡೆಯುವ ರೂಪಣಾತ್ಮಕ ಮೌಲ್ಯಮಾಪನ. ಒಂದೊಂದಕ್ಕೆ 50 ಅಂಕ, ಅದರಲ್ಲಿ ಕಿರುಪರೀಕ್ಷೆ ಸ್ವಲ್ಪ, ಚಟುವಟಿಕೆ ಜಾಸ್ತಿ. ಒಟ್ಟು 200 ಅಂಕವನ್ನು 20ಕ್ಕೆ, ಪ್ರಥಮ ಭಾಷೆಯಲ್ಲಿ 25ಕ್ಕೆ ಇಳಿಸುತ್ತಾರೆ. ಅದೇ ಆಂತರಿಕ ಅಂಕ. ಕಾಗದದ ಮೇಲೆ ಇದು ಒಳ್ಳೆಯ ಪದ್ಧತಿ. ಬರೆಯಲು ಕಷ್ಟಪಡುವ ಮಗು ಮಾತಾಡಿ ತೋರಿಸಬಹುದು, ಮಾಡಿ ತೋರಿಸಬಹುದು. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ.

ನಡೆಯುತ್ತಿರುವುದು ಬೇರೆ. ನನ್ನ ಮಗಳು ಒಂದು ಪ್ರಾಜೆಕ್ಟಿಗೆ ನಮ್ಮ ಓಣಿಯ ಬಾವಿಗಳ ನೀರಿನ ಮಟ್ಟ ಅಳೆದಳು. ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು, ಗಂಟು ಎಣಿಸಿ, ಬರೆದಿಟ್ಟುಕೊಂಡಳು. ಮಳೆ ಬಂದ ಮೇಲೆ ಮತ್ತೆ ಅಳೆದಳು. ಅವಳ ಜೊತೆಯವರು ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿದ್ಧ ಪ್ರಾಜೆಕ್ಟ್ ಕೊಂಡು ತಂದು ಹೆಸರು ಬರೆದು ಕೊಟ್ಟರು. ಎಲ್ಲರಿಗೂ ಒಂದೇ ಅಂಕ ಬಂತು. ಫೈಲನ್ನು ಯಾರೂ ತೆರೆದು ನೋಡಿರಲಿಲ್ಲ. "ಅಪ್ಪಾ, ಮುಂದಿನ ಸಲ ನಾನೂ ಅಂಗಡೀದೇ ತರ್ತೀನಿ" ಅಂದಳು. ಜೊತೆಯವರ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ನನಗೂ ಇಲ್ಲ. ಅವರಿಗೆ ಶಾಲೆ ಏನು ಕಲಿಸಿತೋ ಅದನ್ನೇ ಕಲಿತರು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಇದೇ ಮಕ್ಕಳು ಸಂವಿಧಾನದ ಪೀಠಿಕೆ ಓದುತ್ತಾರೆ. 2023ರಲ್ಲಿ ನಿಮ್ಮ ಸರ್ಕಾರವೇ ಅದನ್ನು ಕಡ್ಡಾಯ ಮಾಡಿತು, ನನಗೆ ಅದು ಖುಷಿಯ ವಿಷಯ. ಆದರೆ 'ನ್ಯಾಯ' ಎಂದು ಓದಿದ ಮಗುವಿಗೆ ಅದೇ ದಿನ ತರಗತಿಯೊಳಗೆ ನ್ಯಾಯ ಕಾಣಬೇಕಲ್ವಾ?

ಶಿಕ್ಷಕರನ್ನು ಬೈಯಲು ನಾನು ಈ ಪತ್ರ ಬರೆಯುತ್ತಿಲ್ಲ. ಅವರ ಕಷ್ಟ ಪೋಷಕರಿಗೆ ಗೊತ್ತಿದೆ. ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಗಣಿತಕ್ಕೋ ಇಂಗ್ಲಿಷಿಗೋ ಕಾಯಂ ಶಿಕ್ಷಕರಿಲ್ಲ. ಶಾಲೆ ಶುರುವಾಗಿ ಎಷ್ಟೋ ದಿನ ಆದ ಮೇಲೆ ಅತಿಥಿ ಶಿಕ್ಷಕರು ಬರುತ್ತಾರೆ. ಅವರಿಗೆ ಸಿಗುವುದು ಕಡಿಮೆ ಗೌರವಧನ, ಅದೂ ತಿಂಗಳು ತಿಂಗಳು ಕೈ ಸೇರುವುದಿಲ್ಲ. ಮೇಲಿಂದ ಫಲಿತಾಂಶದ ಒತ್ತಡ. ಪ್ರಗತಿ ಪರಿಶೀಲನಾ ಸಭೆಯಲ್ಲಿ ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಶಾಲೆಯದು ಎಷ್ಟು ಪರ್ಸೆಂಟ್? ಕಡಿಮೆ ಬಂದರೆ ನೋಟಿಸ್. ಇಂಥ ಸ್ಥಿತಿಯಲ್ಲಿ ಒಬ್ಬ ಶಿಕ್ಷಕಿ ಪ್ರಾಮಾಣಿಕವಾಗಿ 20ಕ್ಕೆ 11 ಹಾಕಿದರೆ ಅವರ ಬೆನ್ನಿಗೆ ಯಾರು ನಿಲ್ಲುತ್ತಾರೆ? ಮುಖ್ಯ ಶಿಕ್ಷಕರು ನಿಲ್ಲುವುದಿಲ್ಲ, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ನಿಲ್ಲುವುದಿಲ್ಲ. ಪೋಷಕರೂ ಜಗಳಕ್ಕೆ ಬರುತ್ತಾರೆ.

ಒಂದು ಒಳ್ಳೆಯ ಕೆಲಸಕ್ಕೆ ನಿಮಗೆ ಮೆಚ್ಚುಗೆ ಹೇಳಲೇಬೇಕು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕೊಠಡಿಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವ್ಯವಸ್ಥೆ. ಕಿಟಕಿಯಿಂದ ಚೀಟಿ ಎಸೆಯುವುದು, ಒಳಗಿದ್ದವರೇ ಉತ್ತರ ಹೇಳಿಕೊಡುವುದು ನಿಂತಿತು. 2023ರಲ್ಲಿ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 20ರವರೆಗೆ ಏರಿಸಿದ ಮೇಲೆ. ಮುಖ್ಯಮಂತ್ರಿಗಳೇ ಕೃಪಾಂಕಕ್ಕೆ ಬೇಸರ ವ್ಯಕ್ತಪಡಿಸಿದರು, ಮುಂದಿನ ವರ್ಷ ಅದು ಹೋಯಿತು. ಫಲಿತಾಂಶ ಇನ್ನೂ ಇಳಿಯಿತು. ಆದರೂ ಕ್ಯಾಮೆರಾ ತೆಗೆಯಲಿಲ್ಲ. ಅದಕ್ಕೆ ಧೈರ್ಯ ಬೇಕಿತ್ತು, ನೀವು ತೋರಿಸಿದಿರಿ.

ಅದೇ ಧೈರ್ಯ ಈಗ ಇನ್ನೊಂದು ಜಾಗದಲ್ಲಿ ಬೇಕು. 2025ರ ಅಕ್ಟೋಬರ್‌ನಲ್ಲಿ ಪಾಸಾಗುವ ಮಿತಿಯನ್ನು ಶೇ 35ರಿಂದ 33ಕ್ಕೆ ಇಳಿಸಿದಿರಿ. ಆಂತರಿಕ ಅಂಕವೂ ಸೇರಿ ಒಟ್ಟು 625ಕ್ಕೆ 206 ಬರಬೇಕು, ಪ್ರತಿ ವಿಷಯದಲ್ಲಿ ಕನಿಷ್ಠ ಶೇ 30 ಇರಬೇಕು ಎಂಬುದು ನಿಯಮ. ಸಿಬಿಎಸ್‌ಇಯಲ್ಲೂ 33 ಇದೆ. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಚಿಂತೆ ಲೆಕ್ಕದ್ದು. ಆರು ವಿಷಯಗಳ ಆಂತರಿಕ ಅಂಕ ಒಟ್ಟು 125. ಅದು ಪೂರ್ತಿ ಸಿಕ್ಕಿದರೆ ಒಟ್ಟು 206 ಆಗಲು ಲಿಖಿತ ಪರೀಕ್ಷೆಯ 500ರಲ್ಲಿ 81 ಸಾಕು. ಅಂದರೆ ಒಂದು ಮಗುವಿನ ಪಾಸು-ಫೇಲು ಈಗ ಹೆಚ್ಚಿನ ಮಟ್ಟಿಗೆ ನಿಂತಿರುವುದು ಯಾವ ಕ್ಯಾಮೆರಾವೂ ಇಲ್ಲದ, ಯಾರೂ ತೆರೆದು ನೋಡದ ಫೈಲಿನ ಮೇಲೆ. ಪರೀಕ್ಷಾ ಕೊಠಡಿಯಿಂದ ಓಡಿಸಿದ ನಕಲು ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ನಿಜ ಅಂಕ ಹಾಕಿದರೆ ನಮ್ಮ ಕಲ್ಯಾಣ ಕರ್ನಾಟಕದ ಬಡ ಮಕ್ಕಳೇ ಜಾಸ್ತಿ ಫೇಲಾಗುತ್ತಾರೆ ಎಂದು ಕೆಲವರು ಹೇಳುತ್ತಾರೆ. ಕನಿಕರದಿಂದಲೇ ಹೇಳುತ್ತಾರೆ. ನಾನು ಅದೇ ಜಿಲ್ಲೆಗಳ ತಂದೆಯಾಗಿ ಹೇಳುತ್ತೇನೆ, ಈ ಕನಿಕರ ನಮ್ಮ ಮಕ್ಕಳಿಗೆ ಒಳ್ಳೆಯದು ಮಾಡುತ್ತಿಲ್ಲ. ಮೊದಲ ಎಫ್‌ಎ ಮಳೆಗಾಲದಲ್ಲೇ ಮುಗಿಯುತ್ತದೆ. ಆಗಲೇ ಒಂದು ಮಗುವಿಗೆ ಕನ್ನಡ ಸರಿಯಾಗಿ ಓದಲು ಬರುವುದಿಲ್ಲ, ಭಿನ್ನರಾಶಿ ಕೂಡಿಸಲು ಬರುವುದಿಲ್ಲ ಎಂದು ಅಂಕದಲ್ಲಿ ಕಂಡರೆ, ಪರೀಕ್ಷೆಗೆ ಇನ್ನೂ ಏಳೆಂಟು ತಿಂಗಳಿರುತ್ತದೆ. ಸಂಜೆ ತರಗತಿ ಮಾಡಬಹುದು, ಪಕ್ಕ ಕೂರಿಸಿಕೊಂಡು ಕಲಿಸಬಹುದು, ಅಪ್ಪ ಅಮ್ಮನನ್ನು ಕರೆಸಿ ಮಾತಾಡಬಹುದು. ಆ ಮಗುವಿಗೆ 50ಕ್ಕೆ 46 ಹಾಕಿಬಿಟ್ಟರೆ? ಮನೆಯಲ್ಲಿ ಓದು ಬರದ ತಾಯಿ ಆ ಅಂಕ ನೋಡಿ ಖುಷಿಪಡುತ್ತಾಳೆ. ಮಗ ಚೆನ್ನಾಗಿ ಓದುತ್ತಿದ್ದಾನೆ ಅಂದುಕೊಳ್ಳುತ್ತಾಳೆ. ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಅವಳಿಗೆ ಏನೂ ಅರ್ಥವಾಗುವುದಿಲ್ಲ. ಆ ತಾಯಿಗೆ ಸುಳ್ಳು ಹೇಳಿದ್ದು ಶಾಲೆ. ಪಟ್ಟಣದಲ್ಲಿ ಟ್ಯೂಷನ್‌ಗೆ ಹೋಗುವ ಮಗುವಿಗೆ ನಿಜ ಹೇಳಲು ಬೇರೆ ಯಾರಾದರೂ ಇರುತ್ತಾರೆ. ಹಳ್ಳಿಯ ಬಡ ಮಗುವಿಗೆ ಶಾಲೆ ಬಿಟ್ಟರೆ ಬೇರೆ ಯಾರಿದ್ದಾರೆ?

ಇದು ಶಾಲೆಯೊಳಗೇ ಮುಗಿಯುವ ವಿಷಯವೂ ಅಲ್ಲ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್‌ಗಳ (ಪಿಎಸ್‌ಐ) 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಕಲಬುರಗಿಯ ಒಂದು ಖಾಸಗಿ ಶಾಲೆಯಲ್ಲಿದ್ದ ಕೇಂದ್ರದಲ್ಲಿ ಉತ್ತರ ಪತ್ರಿಕೆ ತಿದ್ದಿದ ಆರೋಪದ ಮೇಲೆ ಕೊಠಡಿ ಮೇಲ್ವಿಚಾರಕರೂ ಬಂಧನವಾದರು. 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದ ಹುಡುಗ ಹುಡುಗಿಯರು ಎರಡು ವರ್ಷಕ್ಕೂ ಜಾಸ್ತಿ ಕಾದರು. 'ಎಲ್ಲರೂ ಮಾಡುತ್ತಾರೆ, ಯಾರೂ ನೋಡುವುದಿಲ್ಲ' ಎಂಬ ನಂಬಿಕೆ ಯಾರಿಗೂ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಹದಿನೈದು ವರ್ಷದ ಮಗುವಿಗೆ ಅದು ಮೊದಲು ಸಿಗುವ ಜಾಗ ಶಾಲೆಯಾಗಬಾರದು.

ಏನು ಮಾಡಬಹುದು? ಪರೀಕ್ಷಾ ಮಂಡಳಿಯ ಕಂಪ್ಯೂಟರಿನಲ್ಲಿ ಆಂತರಿಕ ಅಂಕವೂ ಇದೆ, ಲಿಖಿತ ಅಂಕವೂ ಇದೆ. ಯಾವ ಶಾಲೆಯಲ್ಲಿ ಎಲ್ಲರಿಗೂ 20ಕ್ಕೆ 20 ಬಂದು ಲಿಖಿತದಲ್ಲಿ 80ಕ್ಕೆ ಹತ್ತು ಹನ್ನೆರಡು ಬಂದಿದೆಯೋ ಆ ಶಾಲೆಗೆ ಅಧಿಕಾರಿಗಳು ಹೋಗಲಿ. ನೋಟಿಸ್ ಹಿಡಿದುಕೊಂಡು ಬೇಡ. ಯಾವ ಶಿಕ್ಷಕರಿಲ್ಲ, ಏನು ಬೇಕು ಎಂದು ಕೇಳಲು ಹೋಗಲಿ. ವರ್ಷದ ಮಧ್ಯೆ ಪಕ್ಕದ ಶಾಲೆಯ ಶಿಕ್ಷಕರು ಬಂದು ಕೆಲವು ಮಕ್ಕಳ ಪ್ರಾಜೆಕ್ಟ್ ತೆರೆದು, 'ಇದನ್ನು ಹೇಗೆ ಮಾಡಿದೆ ಹೇಳು ಮಗಾ' ಎಂದು ಕೇಳಲಿ. ಐದು ನಿಮಿಷ ಸಾಕು. ಕಡಿಮೆ ಆಂತರಿಕ ಅಂಕ ಕೊಟ್ಟ ಕಾರಣಕ್ಕೆ ಯಾವ ಶಿಕ್ಷಕರ ಮೇಲೂ ಕ್ರಮ ಇಲ್ಲ ಎಂದು ನಿಮ್ಮ ಸಹಿಯ ಒಂದು ಸುತ್ತೋಲೆ ಹೊರಡಲಿ. ಖಾಲಿ ಹುದ್ದೆಗಳ ಮಾತು ನಿಮಗೆ ಹೊಸದಲ್ಲ, ಅದನ್ನು ಬೆಳೆಸುವುದಿಲ್ಲ. ಅತಿಥಿ ಶಿಕ್ಷಕರಾದರೂ ಶಾಲೆ ಬಾಗಿಲು ತೆರೆದ ದಿನವೇ ತರಗತಿಯಲ್ಲಿರಲಿ.

ಇನ್ನೊಂದು ಕೋರಿಕೆ ಇದೆ. ಇದಕ್ಕೆ ಹಣ ಬೇಡ, ಆದೇಶವೂ ಬೇಡ. ಪ್ರತಿ ವರ್ಷ ಫಲಿತಾಂಶದ ದಿನ ಯಾವ ಜಿಲ್ಲೆ ಮೊದಲು, ಯಾವುದು ಕೊನೆ ಎಂಬ ಪಟ್ಟಿ ಓದುತ್ತಾರೆ. 2024ರಲ್ಲಿ ಉಡುಪಿ ಮೊದಲಿತ್ತು, ಯಾದಗಿರಿ ಕೊನೆಯಲ್ಲಿತ್ತು. ಮೇಲಿನ ಜಾಗಕ್ಕಾಗಿ ಆಂತರಿಕ ಅಂಕ ಹಿಗ್ಗಿಸುವ ಆಸೆ ಹುಟ್ಟುವುದೇ ಆ ಪಟ್ಟಿಯಿಂದ. ಮುಂದಿನ ಫಲಿತಾಂಶದ ದಿನ ಪತ್ರಿಕಾಗೋಷ್ಠಿಯಲ್ಲಿ ಆ ಪಟ್ಟಿಯನ್ನು ಓದಬೇಡಿ. ಅದರ ಬದಲು ಯಾವ ಜಿಲ್ಲೆಗೆ ಈ ವರ್ಷ ಎಷ್ಟು ಶಿಕ್ಷಕರನ್ನು ಕೊಡುತ್ತೀರಿ ಎಂಬುದನ್ನು ಓದಿ. ನಾವು ಪೋಷಕರು ಕೇಳಿಸಿಕೊಳ್ಳಲು ಕಾಯುತ್ತಿರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ರಾಯಚೂರು ಜಿಲ್ಲೆಯ ಒಬ್ಬ ಪೋಷಕ