ಪಟ್ಟಣದ ರಣಭೂಮಿ ಉದ್ಯಾನವಾಗಲಿ, ಷರತ್ತು ಆದೇಶದಲ್ಲೇ ಇರಲಿ

ಶ್ರೀರಂಗಪಟ್ಟಣ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರಗಳು.

ಕೋಟೆಯ ವಾಯವ್ಯ ಮೂಲೆ, ಕಂದಕ, ಅದರ ಮುಂದಿನ ಹೊಳೆದಂಡೆ ಇಷ್ಟೂ ಉದ್ಯಾನವಾಗಲಿ ಎನ್ನುವವರಲ್ಲಿ ನಾನೂ ಒಬ್ಬ. ಜಾಲಿ ಬೆಳೆದು ಹಾಳು ಬೀಳುವುದಕ್ಕಿಂತ ಜನ ಓಡಾಡುವುದು ಮೇಲು. ಆದರೆ ಜಾಗ ಯಾವ ಇಲಾಖೆಯ ಕೈಗೆ ಹೋದರೂ ಷರತ್ತುಗಳನ್ನು ಹಸ್ತಾಂತರದ ಆದೇಶದಲ್ಲೇ ಬರೆಸಿ. ವೇದಿಕೆಯ ಮೇಲಿನ ಭರವಸೆ ಮುಂದಿನ ಅಧಿಕಾರಿಯನ್ನು ಕಟ್ಟಿಹಾಕುವುದಿಲ್ಲ.

ಟಿಪ್ಪು ಸುಲ್ತಾನನ ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಸೇನಾನಿ ಬೇರ್ಡ್‌ನ ಪಡೆ 1799ರ ಮೇ 4ರ ಮಧ್ಯಾಹ್ನ ಕಾವೇರಿ ದಾಟಿ ಕೋಟೆಗೆ ನುಗ್ಗಿದ್ದು ಇಲ್ಲಿಂದಲೇ. ಬೇಸಿಗೆಯಾದ್ದರಿಂದ ಬಂಡೆಗಳ ನಡುವೆ ನೀರು ಇಳಿದಿತ್ತು. ಮಳೆಗಾಲದ ಹೊಳೆಯಾಗಿದ್ದರೆ ಹಾಗೆ ದಾಟಲಾಗುತ್ತಿರಲಿಲ್ಲ. ಫಿರಂಗಿ ಒಡೆದ ಗೋಡೆ, 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕಸ್ತಂಭ, ಕೆಳಗೆ ಬಂಡೆಗಳ ಹೊಳೆ: ಮೂರನ್ನೂ ಒಟ್ಟಿಗೆ ನೋಡಿದರೇನೇ ಆ ದಿನ ತಿಳಿಯುವುದು. ದಂಡೆಗೆ ಮಣ್ಣು ಸುರಿದು ಮಟ್ಟ ಮಾಡಿ ಕಾರಂಜಿ, ಫುಡ್ ಕೋರ್ಟ್ ಕಟ್ಟಿದರೆ ಉಳಿಯುವುದು ಎಲ್ಲ ಊರಲ್ಲೂ ಇರುವಂಥ ಇನ್ನೊಂದು ಪಾರ್ಕು. ಸಾವಿರಾರು ಮಂದಿ ಪ್ರಾಣ ಬಿಟ್ಟ ನೆಲವಿದು.

ಕಾನೂನು ಇಲ್ಲವೆಂದಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಾದ ತಿದ್ದುಪಡಿ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷೇಧಿಸಿದೆ. ಅದರಾಚೆ ಮತ್ತೆ 200 ಮೀಟರ್‌ವರೆಗೆ ಕಟ್ಟಲು ಅನುಮತಿ ಬೇಕು. ಆದರೆ ಯುದ್ಧ ನಡೆದದ್ದು ಅಳತೆ ಹಿಡಿದು ಅಲ್ಲ, ಮುತ್ತಿಗೆ ಹಾಕಿದವರ ಫಿರಂಗಿಗಳಿದ್ದದ್ದು ಹೊಳೆಯಾಚೆ. ಭೂಕಂದಾಯ ಕಾಯ್ದೆ 1964ರ 71ನೇ ಕಲಮಿನಂತೆ ಒಂದು ಉದ್ದೇಶಕ್ಕೆ ಕಾದಿರಿಸಿದ ಸರ್ಕಾರಿ ಜಮೀನನ್ನು ಬೇರೆಯದಕ್ಕೆ ಬಳಸಲು ಜಿಲ್ಲಾಧಿಕಾರಿಯ ಒಪ್ಪಿಗೆ ಬೇಕು. ನನ್ನ ಆತಂಕ ಇಲ್ಲೇ. ಒಬ್ಬರ ಒಂದು ರುಜು ಸಾಕಾಗುತ್ತದಲ್ಲ!

ಹಾಗಾಗಿ ಆದೇಶದಲ್ಲಿ ಸ್ಪಷ್ಟವಾಗಿರಲಿ: ಮಾರಾಟ, ಗುತ್ತಿಗೆ, ಅಡಮಾನ ಕೂಡದು. ಪುರಾತತ್ವ ಇಲಾಖೆ ಪರಿಶೀಲಿಸದೆ ಗಿಡಕ್ಕೂ ಗುಂಡಿ ತೆಗೆಯಬಾರದು. ನದಿಗೆ ಮರೆಯಾಗುವಂಥದ್ದೇನೂ ಏಳಬಾರದು. ಷರತ್ತು ಮುರಿದ ದಿನವೇ ಜಮೀನು ಸರ್ಕಾರಕ್ಕೆ ಮರಳಬೇಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗೆ 1975ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಕೆನಡಾದವರು 1759ರ ಯುದ್ಧ ನಡೆದ ಕ್ವಿಬೆಕ್‌ನ ಅಬ್ರಹಾಂ ಬಯಲಿಗಾಗಿ 1908ರಲ್ಲೇ ಕಾನೂನು ಮಾಡಿ ಅದನ್ನು ಉದ್ಯಾನವಾಗಿ ಉಳಿಸಿಕೊಂಡರು. ಪಟ್ಟಣಕ್ಕೂ ಅಂಥದ್ದೊಂದು ಮಸೂದೆ ತನ್ನಿ.

ಅದಕ್ಕೂ ಮೊದಲು, ಯಾವುದೇ ಆದೇಶದ ಕರಡನ್ನು ಸರ್ವೆ ನಂಬರ್ ಮತ್ತು ನಕ್ಷೆ ಸಮೇತ ಕನ್ನಡದಲ್ಲಿ ತಾಲ್ಲೂಕು ಕಚೇರಿಯ ಫಲಕಕ್ಕೆ ಹಾಕಿಸಿ, ಆಕ್ಷೇಪಣೆಗೆ ಒಂದು ತಿಂಗಳು ಕೊಡಿಸಿ ಎಂದು ಕೋರುತ್ತೇನೆ.

ಇತಿ,
ಪಟ್ಟಣದ ನಿವಾಸಿ, ನಿಮ್ಮ ಮತದಾರ