ಅನ್ನ ಬಿಟ್ಟು ಚಪಾತಿ ತಿಂದರೆ ಸಾಕಾ?

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಮಧುಮೇಹ ಶಿಬಿರದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ದೀಪ ಹಚ್ಚಿದ ಫೋಟೊ ಇದೆ, ಭಾಷಣ ಇದೆ. ಅಲ್ಲಿಗೆ ಹೋದವರ ಪಾಡು ಮಾತ್ರ ಇಲ್ಲ.

ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂದಿದ್ದಕ್ಕೆ 74 ವರ್ಷದ ಅತ್ತೆಯವರನ್ನು ಆಟೊದಲ್ಲಿ ಕೂರಿಸಿಕೊಂಡು ಬೆಳಿಗ್ಗೆ 7ಕ್ಕೇ ಹೋದೆ. ಟೋಕನ್ ನಂಬರ್ 11. ಅತಿಥಿಗಳು ಬಂದಿದ್ದು ಹತ್ತೂವರೆಗೆ. ಅವರ ಭಾಷಣ ಮುಗಿಯುವವರೆಗೆ ಯಾರ ರಕ್ತವನ್ನೂ ತೆಗೆಯಲಿಲ್ಲ. ಅತ್ತೆಗೆ ಕೈ ನಡುಗಲು ಶುರುವಾಯಿತು. ಸಕ್ಕರೆ ಕಾಯಿಲೆಯವರನ್ನು ಅಷ್ಟು ಹೊತ್ತು ಉಪವಾಸ ಕೂರಿಸಬಹುದಾ? ಶೌಚಾಲಯಕ್ಕೆ ಕರೆದುಕೊಂಡು ಹೋದರೆ ಅದಕ್ಕೆ ಬೀಗ. ಕೊನೆಗೆ ಕೈಗೆ ಬಂದ ತಿಂಡಿ ಉಪ್ಪಿಟ್ಟು, ಕೇಸರಿಬಾತ್. ಮಧುಮೇಹ ಶಿಬಿರದಲ್ಲಿ ಕೇಸರಿಬಾತ್!

ಜೊತೆಗೆ ಒಂದು ಚೀಟಿ. ತುಪ್ಪ ಬೇಡ, ತೆಂಗಿನಕಾಯಿ ಬೇಡ, ಮೊಟ್ಟೆಯ ಹಳದಿ ಬೇಡ. ರಾತ್ರಿ ಅನ್ನದ ಬದಲು ಚಪಾತಿ ಇಲ್ಲವೇ ಮುದ್ದೆ. ಎಷ್ಟು ಚಪಾತಿ, ಎಷ್ಟು ದೊಡ್ಡ ಮುದ್ದೆ? ಒಂದಕ್ಷರವೂ ಇಲ್ಲ. ಹತ್ತು ವರ್ಷದಿಂದ ಅತ್ತೆ ಇದನ್ನೇ ಮಾಡುತ್ತಿದ್ದಾರೆ. ರಾತ್ರಿ ಮೂರು ಚಪಾತಿ, ತುಪ್ಪ ಸವರದೆ. ಸಕ್ಕರೆ ಇಳಿದಿಲ್ಲ. ಒಂದಿದ್ದ ಮಾತ್ರೆ ಮೂರಾಗಿದೆ.

ಮನೆಗೆ ಬಂದು ಮಗಳ ಜೊತೆ ಕೂತು ಹುಡುಕಿ ಓದಿದೆ. ನಮ್ಮ ದೇಶದವರ ಕ್ಯಾಲೊರಿಯಲ್ಲಿ ಶೇ 62 ಕಾರ್ಬೊಹೈಡ್ರೇಟಿನಿಂದಲೇ (ಅನ್ನ, ಚಪಾತಿ, ಮುದ್ದೆ, ಸಕ್ಕರೆಯಲ್ಲಿರುವ ಪಿಷ್ಟ-ಸಕ್ಕರೆ ಅಂಶ) ಬರುತ್ತದೆ ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ‘ಇಂಡಿಯಾಬ್’ ಮಧುಮೇಹ ಅಧ್ಯಯನ 2025ರಲ್ಲಿ ಹೇಳಿದೆ. ಅದರ ಒಟ್ಟು ಪ್ರಮಾಣ ಇಳಿಸದೆ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಂದರೆ ಮಧುಮೇಹದ ಅಪಾಯ ಕಡಿಮೆಯಾಗುವುದು ಕಂಡಿಲ್ಲವಂತೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2024ರ ಮಾರ್ಗಸೂಚಿಯೇ ಧಾನ್ಯಗಳಿಂದ ಬರುವ ಶಕ್ತಿ ಶೇ 45 ದಾಟಬಾರದು ಅನ್ನುತ್ತದೆ. ಕೊಬ್ಬಿಗೆ ಶೇ 30ರವರೆಗೆ ಜಾಗ ಇದೆ. ಮೊಟ್ಟೆಯ ಹಳದಿಯಲ್ಲಿರುವ ಕೊಲೆಸ್ಟ್ರಾಲ್‌ಗೆ ಹೆದರಿದ್ದ ಅಮೆರಿಕವೂ ದಿನಕ್ಕೆ 300 ಮಿಲಿಗ್ರಾಂ ಅನ್ನುವ ಮಿತಿಯನ್ನು 2015–20ರ ಆಹಾರ ಮಾರ್ಗಸೂಚಿಯಲ್ಲೇ ಕೈಬಿಟ್ಟಿದೆ. ಇದ್ಯಾವುದೂ ನಮ್ಮ ಚೀಟಿಗೆ ಇನ್ನೂ ತಲುಪಿಲ್ಲ. ಕರಿದ ತಿಂಡಿ, ವನಸ್ಪತಿ ಜಾಸ್ತಿ ಬೇಡ ಅಂದರೆ ಖಂಡಿತ ಒಪ್ಪುತ್ತೇನೆ. ಆದರೆ ತಟ್ಟೆ ತುಂಬ ಹಿಟ್ಟು ತಿನ್ನುವವರಿಗೆ ಏನೂ ಹೇಳದೆ, ಒಂದು ಚಮಚ ತುಪ್ಪಕ್ಕೆ ಹೆದರಿಸುವುದು ಯಾವ ನ್ಯಾಯ?

ಎಷ್ಟು ತಿನ್ನಬೇಕು ಅಂತ ಶಿಬಿರದಲ್ಲೇ ಚೀಟಿ ಕೊಟ್ಟವರನ್ನು ಕೇಳಿದ್ದೆ. ‘ಮೇಲಿಂದ ಬಂದಿದ್ದನ್ನ ಹಂಚ್ತೀವಿ ಮೇಡಂ’ ಅಂದರು. ಪಡಿತರ ಅಂಗಡಿಯಲ್ಲೂ ಇದೇ ಮಾತು. ಅತ್ತೆಯ ಹೆಬ್ಬೆಟ್ಟು ಮೆಷಿನ್ ತಗೊಳ್ಳಲ್ಲ, ಸರ್ವರ್ ಇಲ್ಲ, ಮೇಲೆ ಕೇಳಿ. ಮೂರು ಸಲ ಅಲೆದರೆ ಸಿಗುವುದು ಅಕ್ಕಿ. ಬೇಳೆ ಬೇಕಾದರೆ ಹೊರಗೆ ದುಡ್ಡು ಕೊಟ್ಟು ತರಬೇಕು. ಚರಂಡಿ ವಿಷಯಕ್ಕೆ ಹೋದ ವರ್ಷ ಎರಡು ಅರ್ಜಿ ಕೊಟ್ಟೆ, ಅದಕ್ಕೂ ಇದೇ ಉತ್ತರ. ಈ ಮೇಲಿನವರು ಯಾರು, ಎಲ್ಲಿ ಕೂತಿರುತ್ತಾರೆ?

ಆ ಚೀಟಿಯನ್ನು ವಾಪಸ್ ತಗೊಂಡು, ಎಷ್ಟು ತಿನ್ನಬೇಕು ಅಂತ ಸರಿಯಾಗಿ ಬರೆದು ಕೊಡಲಿ. ಆಗದಿದ್ದರೆ ಶಿಬಿರ ಮಾಡುವುದನ್ನೇ ಬಿಡಲಿ. ಶೌಚಾಲಯದ ಬೀಗವನ್ನಾದರೂ ತೆಗೆಯಲಿ. ವಯಸ್ಸಾದವರನ್ನು ಹಸಿದ ಹೊಟ್ಟೆಯಲ್ಲಿ ಕೂರಿಸಿ ಫೋಟೊ ತೆಗೆಸಿಕೊಳ್ಳುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವಾ?

– ಬಡಾವಣೆಯ ಒಬ್ಬ ಗೃಹಿಣಿ